ರಾಜನ ಜಾಗದಲ್ಲಿ ನಿಂತವರು

ಆಲ್ಡನ್‌ಬರಿ, ಕಾನ್ಸಸ್
ಸೆಪ್ಟೆಂಬರ್ 3, 2009

ಮಾನ್ಯ ಶ್ರೀಮತಿ ಓಪಲ್ ಹೆನ್ನಿಂಗ್ ಅವರಿಗೆ,

ನಾನು ಬ್ರೆನ್ನರ್ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ. ಹೆಸರು ವೆಸ್ಲಿ ಕ್ರೋಲ್. ಇಲ್ಲಿನ ವಿದ್ಯಾರ್ಥಿ ಚುನಾವಣಾ ಸಮಿತಿಯ ಕಾರ್ಯದರ್ಶಿ. ನಿಮ್ಮ ವಿಳಾಸ ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಸಿಕ್ಕಿತು. ನಿಮಗೆ ಇಮೇಲ್ ಇಲ್ಲವೆಂದೂ ಫೋನ್ ಮಾಡಿದವರಿಗೆ ಬೈಗುಳ ಗ್ಯಾರಂಟಿಯೆಂದೂ ಅಲ್ಲಿಯವರು ಎಚ್ಚರಿಸಿದರು. ಅದಕ್ಕೇ ಈ ಪತ್ರ.

ಹಳೆಯ ವಿದ್ಯಾರ್ಥಿಗಳೆಲ್ಲ ಕಾಲೇಜಿಗೆ ಮರಳಿ ಬಂದು ಸೇರುವ ಹೋಮ್‌ಕಮಿಂಗ್ ಹಬ್ಬ ಈ ಸಲ ಅಕ್ಟೋಬರ್ 24ಕ್ಕೆ. ಎಂದಿನಂತೆ ಪ್ರತಿ ಹಾಸ್ಟೆಲು, ಪ್ರತಿ ಸಂಘ ಒಂದೊಂದು ಜೋಡಿಯನ್ನು ಚುನಾವಣೆಗೆ ನಿಲ್ಲಿಸುತ್ತದೆ. ಗೆದ್ದ ಜೋಡಿಗೆ ಫುಟ್‌ಬಾಲ್ ಪಂದ್ಯದ ವಿರಾಮದಲ್ಲಿ ರಾಜ-ರಾಣಿಯ ಕಿರೀಟ. ಜೋಡಿ ಎಂದರೆ ಒಬ್ಬ ಹುಡುಗ, ಒಬ್ಬಳು ಹುಡುಗಿ ಎಂದು ನಮ್ಮ ನಿಯಮಾವಳಿಯಲ್ಲಿದೆ. ಇಬ್ಬರು ಹುಡುಗರೋ ಇಬ್ಬರು ಹುಡುಗಿಯರೋ ಜೋಡಿಯಾಗಿ ನಿಲ್ಲಬಹುದೇ ಎಂಬ ಪ್ರಶ್ನೆ ಈ ವರ್ಷ ಎದ್ದಿದೆ. ಸೆಪ್ಟೆಂಬರ್ 30ರಂದು ವಿದ್ಯಾರ್ಥಿ ಸಭೆ ಮತ ಹಾಕಿ ತೀರ್ಮಾನಿಸುತ್ತದೆ. ಇಪ್ಪತ್ತೈದು ಸದಸ್ಯರು, ಎರಡೂ ಕಡೆ ಹೆಚ್ಚುಕಡಿಮೆ ಸಮ.

ಗ್ರಂಥಾಲಯದ ನೆಲಮಾಳಿಗೆಯಲ್ಲಿ 1943ರ ವಾರ್ಷಿಕ ಸಂಚಿಕೆ ತಿರುವುತ್ತಿದ್ದೆ. ಅದರಲ್ಲಿ ಒಂದು ಫೋಟೊ. ಕಿರೀಟ ಧರಿಸಿದ ಇಬ್ಬರು ಹುಡುಗಿಯರು ತೋಳು ಹಿಡಿದುಕೊಂಡು ಮೈದಾನದ ನಡುವೆ ನಡೆಯುತ್ತಿದ್ದಾರೆ. ರಾಜನ ಕೆಂಪು ನಿಲುವಂಗಿ ಹೊದ್ದವಳು ಬಿದ್ದು ಬಿದ್ದು ನಗುತ್ತಿದ್ದಾಳೆ. ಕೆಳಗೆ, ‘ರಾಣಿ ಓಪಲ್ ರೀಸ್, ರಾಜ ಸ್ಟ್ರಾಟನ್’ ಎಂದಿದೆ. ಓಪಲ್ ರೀಸ್ ನೀವೇ ಎಂದು ಸಂಘದವರು ಹೇಳಿದರು.

ಆ ವರ್ಷ ನಿಯಮ ಬೇರೆ ಇತ್ತೆ? ನೀವಿಬ್ಬರೂ ಜೋಡಿಯಾಗಿ ನಿಂತು ಗೆದ್ದಿರಾ? ಸಮಿತಿ ಯಾರ ಪರವೂ ಅಲ್ಲ. ನಮಗೆ ಬೇಕಾದದ್ದು ಸತ್ಯಾಂಶ ಮಾತ್ರ.

ಇಂತಿ ವಿಶ್ವಾಸಿ,
ವೆಸ್ಲಿ ಕ್ರೋಲ್

—

ಟಾಲ್ಬಟ್ ಕ್ರೀಕ್, ಓರೆಗಾನ್
ಸೆಪ್ಟೆಂಬರ್ 9, 2009

ವೆಸ್ಲಿ ಕ್ರೋಲ್,

ನನಗೆ ಎಂಬತ್ತಾರು ವರ್ಷ. ಇತ್ತೀಚೆಗೆ ನನ್ನನ್ನು ‘ಮಾನ್ಯ’ ಎಂದು ಕರೆಯುವವರು ವಿಮೆ ಮಾರುವವರು ಮತ್ತು ಸ್ಮಶಾನದಲ್ಲಿ ಜಾಗ ಮಾರುವವರು. ನಿನ್ನ ಪತ್ರವೂ ಕಸದ ಬುಟ್ಟಿಗೆ ಹೋಗುವುದರಲ್ಲಿತ್ತು. ಬ್ರೆನ್ನರ್ ಎಂಬ ಹೆಸರು ಕಂಡು ಕೈ ತಡೆಯಿತು.

ನಿನ್ನ ಪ್ರಶ್ನೆಗೆ ಉತ್ತರ: ಯುದ್ಧ ನಡೆಯುತ್ತಿತ್ತು. ಹುಡುಗರಿರಲಿಲ್ಲ, ಹುಡುಗಿಯರಿದ್ದೆವು. ಕಾಲೇಜಿಗೆ ತಂಡವೇ ಇರಲಿಲ್ಲ, ಪಕ್ಕದ ವಾಯುನೆಲೆಯ ಸೈನಿಕರು ಬಂದು ತಮ್ಮತಮ್ಮಲ್ಲೇ ಆಡಿದರು. ಅದಕ್ಕಿಂತ ಹೆಚ್ಚಿಗೆ ಆ ಫೋಟೊದಲ್ಲಿ ಏನೂ ಇಲ್ಲ. ಅದನ್ನು ಹಿಡಿದುಕೊಂಡು, ಜೋಡಿಯಾಗಿ ನಿಲ್ಲಬೇಕೆನ್ನುವ ಆ ಮಕ್ಕಳ ತಲೆಗೆ ಮೊಟಕಲು ಹೊರಟಿದ್ದೀಯೇನೋ ಎಂಬ ಅನುಮಾನ ನನಗಿದೆ. ‘ಯಾರ ಪರವೂ ಅಲ್ಲ’ ಎನ್ನುವವರೆಲ್ಲ ಯಾವುದೋ ಒಂದು ಪರ ಇದ್ದೇ ಇರುತ್ತಾರೆ. ನನ್ನ ಗಂಡ ಮೂವತ್ತು ವರ್ಷ ಪುರಸಭೆಯಲ್ಲಿದ್ದ, ನನಗೆ ಗೊತ್ತು.

ನನ್ನ ಮಗಳು ಗ್ವೆನ್ ಪತ್ರ ಓದಿ, “ಅಮ್ಮಾ, ಈ ವಯಸ್ಸಲ್ಲಿ ನಿಂಗ್ಯಾಕೆ ಊರ ಉಸಾಬರಿ?” ಎಂದಳು. ಈ ವಯಸ್ಸಿನಲ್ಲಿ ಬೇರೆ ಇನ್ನೇನಿದೆ ಹೇಳು.

ಈಗ ನನಗೆ ಕೆಲವು ಪ್ರಶ್ನೆಗಳಿವೆ. ತಮಾಷೆಗಲ್ಲ, ನಿಜವಾಗಿಯೂ ತಿಳಿಯಬೇಕು. ಇಬ್ಬರು ಹುಡುಗರು ಗೆದ್ದರೆ ಯಾರು ಯಾರ ತೋಳು ಹಿಡಿಯುತ್ತಾರೆ? ರಾಣಿಗೆ ಕೊಡುವ ಗುಲಾಬಿ ಗೊಂಚಲು ಯಾರ ಕೈಗೆ? ರಾಣಿಯ ಕಿರೀಟ ಹುಡುಗನ ತಲೆಯ ಮೇಲೆ ನಿಲ್ಲುತ್ತದೆಯೇ? ನನ್ನ ತಲೆಯ ಮೇಲೇ ನಿಂತಿರಲಿಲ್ಲ, ಹನ್ನೊಂದು ಪಿನ್ನು ಚುಚ್ಚಿದ್ದರು. ಇದನ್ನೆಲ್ಲ ನಿಮ್ಮ ಸಭೆಯಲ್ಲಿ ಯಾರಾದರೂ ಯೋಚಿಸಿದ್ದಾರೆಯೇ?

ಫೋಟೊದ ವಿಷಯ ಮತ್ತೆ ಕೇಳಬೇಡ.

ಓಪಲ್ ಹೆನ್ನಿಂಗ್

—

ಆಲ್ಡನ್‌ಬರಿ
ಸೆಪ್ಟೆಂಬರ್ 15, 2009

ಪ್ರಿಯ ಶ್ರೀಮತಿ ಹೆನ್ನಿಂಗ್,

‘ಮಾನ್ಯ’ ತೆಗೆದಿದ್ದೇನೆ. ನಾನು ಯಾರ ತಲೆಗೂ ಮೊಟಕಲು ಹೊರಟಿಲ್ಲ, ದಯವಿಟ್ಟು ನಂಬಿ. ಹಾಗೆಂದು ನನಗೆ ಈ ವಿಷಯದಲ್ಲಿ ವಿಶೇಷ ಆಸಕ್ತಿಯೂ ಇಲ್ಲ. ಸಮಿತಿಯ ಕೆಲಸ, ಮಾಡುತ್ತಿದ್ದೇನೆ, ಅಷ್ಟೇ.

ನಿಮ್ಮ ಪ್ರಶ್ನೆಗಳನ್ನು ಸಭೆಯಲ್ಲಿ ಯಾರೂ ಕೇಳಿರಲಿಲ್ಲ. ಊಟದ ಹಾಲ್‌ನಲ್ಲಿ ಓದಿ ಹೇಳಿದೆ. ಅರ್ಧ ಗಂಟೆ ಅದೇ ಚರ್ಚೆಯಾಯಿತು.

“ರಾಜ-ರಾಣಿ ಅಂದ್ಮೇಲೆ ರಾಜ-ರಾಣೀನೇ ಕಣ್ರೋ. ಇಬ್ರು ರಾಜರನ್ನ ಇಟ್ಕೊಂಡು ಏನ್ ಇಸ್ಪೀಟ್ ಆಡ್ತೀರಾ?” ಎಂದ ಒಬ್ಬ.

“ಇಸ್ಪೀಟಲ್ಲಿ ನಾಲ್ಕ್ ಜನ ರಾಜರಿದಾರಪ್ಪ. ಯಾವತ್ತಾದ್ರೂ ಜಗಳ ಆಡಿದ್ ನೋಡಿದೀಯಾ?” ಎಂದಳು ಬ್ರಿಯಾನಾ. ನಿಯಮ ಬದಲಾಗಲಿ ಎನ್ನುವವರ ಮುಂದಾಳು ಅವಳೇ.

ವಿರೋಧಿಗಳ ಪೈಕಿ ಟ್ರಾವಿಸ್ ಹ್ಯಾಸ್ಕೆಲ್ ಎಂಬ ಸದಸ್ಯನಿದ್ದಾನೆ. ರಾಜ್ಯದ ಪಶ್ಚಿಮದ ಕಡೆಯವನು, ಮನೆಯಲ್ಲಿ ದನಗಳ ದೊಡ್ಡ ಹಿಂಡಿದೆ. ಅವನು ತಮಾಷೆ ಮಾಡಲಿಲ್ಲ. “ನಮ್ಮಜ್ಜ ಐವತ್ತು ವರ್ಷದಿಂದ ಒಂದ್ ಹೋಮ್‌ಕಮಿಂಗೂ ತಪ್ಪಿಸಿಲ್ಲ. ಅವ್ರ ದಿನ ಅದು, ನಮ್ದಲ್ಲ. ಪಕ್ಕದಲ್ಲಿ ಕೂತು ಅವ್ರಿಗೆ ನಾನೇನ್ ಹೇಳ್ಲಿ?” ಎಂದ.

ನಿಮ್ಮ ಪ್ರಶ್ನೆಗಳಿಗೆ ನನಗೆ ತೋಚಿದ ಉತ್ತರ: ಗುಲಾಬಿ ನಾನು ಹಿಡಿದುಕೊಳ್ಳಬೇಕಾಗುತ್ತದೆ. ಏಕೆಂದರೆ ಆಂಡ್ರೆ ಬ್ಯಾಂಡಿನಲ್ಲಿ ಟ್ರೊಂಬೋನ್ ನುಡಿಸುತ್ತಾನೆ, ವಿರಾಮದಲ್ಲಿ ಅವನ ಎರಡೂ ಕೈ ಖಾಲಿ ಇರುವುದಿಲ್ಲ. ಕಿರೀಟಕ್ಕೆ ಪಿನ್ನು ಬೇಕಾಗಲಾರದು, ಅವನ ಗುಂಗುರು ಕೂದಲಲ್ಲಿ ಪೆನ್ಸಿಲ್ ಇಟ್ಟರೂ ಬೀಳುವುದಿಲ್ಲ.

ನಿಮ್ಮ ಗಂಡ ಪುರಸಭೆಯಲ್ಲಿ ಯಾರ ಪರ ಇದ್ದರು?

ವೆಸ್ಲಿ

—

ಟಾಲ್ಬಟ್ ಕ್ರೀಕ್
ಸೆಪ್ಟೆಂಬರ್ 20, 2009

ವೆಸ್ಲಿ,

ಆಂಡ್ರೆ ಯಾರು?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೊದಲ ಪುಟದಲ್ಲಿ ‘ವಿಶೇಷ ಆಸಕ್ತಿ ಇಲ್ಲ’. ಎರಡನೆಯ ಪುಟದಲ್ಲಿ ಗುಲಾಬಿ ನಿನ್ನ ಕೈಗೇ ಬಂದುಬಿಟ್ಟಿದೆ. ಕಾರ್ಯದರ್ಶಿಗಳು ಬರೆದದ್ದನ್ನು ಒಮ್ಮೆ ಓದಿ ನೋಡಿ ಅಂಚೆಗೆ ಹಾಕುವುದು ಒಳ್ಳೆಯದು.

ಗ್ವೆನ್‌ಗೂ ತೋರಿಸಿದೆ. “ಪಾಪ, ಆ ಹುಡುಗ ತಾನೇ ನಿಲ್ಬೇಕು ಅಂತಿದಾನೆ ಅಲ್ವಾ ಅಮ್ಮಾ?” ಎಂದಳು. ಆಮೇಲೆ ಉಸಾಬರಿಯ ಮಾತೆತ್ತಲಿಲ್ಲ.

ಮೊನ್ನೆ ನಾನೂ ನಿನಗೆ ಅರ್ಧವನ್ನೇ ಹೇಳಿದ್ದು. ಆ ಅರ್ಧ ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನೀನು ನಿಜ ಹೇಳು, ನಾನೂ ಹೇಳುತ್ತೇನೆ. ಮೊದಲು ನೀನು. ನನಗೆ ವಯಸ್ಸಾಗಿದೆ, ಮೋಸ ಹೋಗಲು ಪುರುಸೊತ್ತಿಲ್ಲ.

ನನ್ನ ಗಂಡ ಯಾವಾಗಲೂ ಗೆಲ್ಲುವವರ ಪರ ಇದ್ದ. ಒಳ್ಳೆಯವನೇ, ಆದರೆ ಹಾಗಿದ್ದ.

ಓಪಲ್

—

ಆಲ್ಡನ್‌ಬರಿ
ಸೆಪ್ಟೆಂಬರ್ 24, 2009

ಓಪಲ್ ಅವರೇ,

ಹೌದು.

ಆಂಡ್ರೆ ಫಾಂಟೆನೋ, ಲೂಯಿಸಿಯಾನದವನು. ಎರಡು ವರ್ಷದಿಂದ ನಾವು ಜೊತೆಯಲ್ಲಿದ್ದೇವೆ. ನಮ್ಮ ಹಾಸ್ಟೆಲಿನವರೇ, “ನೀವಿಬ್ರೇ ನಿಂತ್ಕೊಳ್ರೋ, ಬೇರೆ ಯಾರಿದಾರೆ?” ಎಂದು ನಮ್ಮ ಹೆಸರು ಬರೆದು ಅರ್ಜಿ ಕೊಟ್ಟರು. ಆ ಅರ್ಜಿ ಬಂದದ್ದು ನನ್ನದೇ ಮೇಜಿಗೆ. ‘ನಿಯಮಕ್ಕೆ ಹೊಂದುವುದಿಲ್ಲ’ ಎಂದು ನನ್ನ ಕೈಯಿಂದಲೇ ಬರೆದು ವಾಪಸ್ ಮಾಡಿದೆ. ಆ ದಿನ ಆಂಡ್ರೆ ಏನೂ ಹೇಳಲಿಲ್ಲ. ಮಾರನೆಯ ದಿನವೂ ಹೇಳಲಿಲ್ಲ. ಪ್ರಶ್ನೆ ಎದ್ದಿದೆ ಎಂದು ನಿಮಗೆ ಬರೆದೆನಲ್ಲ, ಎದ್ದದ್ದು ಹೀಗೆ. ಅರ್ಜಿ ಯಾರದೆಂದು ಸಭೆಗೆ ಇನ್ನೂ ಗೊತ್ತಿಲ್ಲ. ನನ್ನ ಅಪ್ಪ-ಅಮ್ಮನಿಗೂ ಗೊತ್ತಿಲ್ಲ.

ಪ್ರೇಮಿಗಳ ವಿಷಯ ಪಕ್ಕಕ್ಕಿಡಿ. ಮತಪತ್ರದಲ್ಲಿ ಒಂದು ಸಾಲಿನಲ್ಲಿ ನಮ್ಮಿಬ್ಬರ ಹೆಸರು ಅಚ್ಚಾಗಬೇಕು. ನನಗೆ ಬೇಕಾದದ್ದು ಅಷ್ಟೇ, ಆದರೆ ಅದು ನನಗೆ ಬಹಳ ಬೇಕು.

ಇನ್ನೊಂದು ಮಾತು. ನಿಮ್ಮ ಮಾತು ಮೀರಿದ್ದೇನೆ. ಫೋಟೊವನ್ನು ಬ್ರಿಯಾನಾಗೆ ಕೊಟ್ಟೆ. ಈಗ ಕ್ಯಾಂಪಸ್ಸಿನ ಕಂಬಕಂಬಕ್ಕೂ ನೀವಿದ್ದೀರಿ. ‘1943ರಲ್ಲೇ ಒಪ್ಪಿದ ಕಾಲೇಜು ಇದು!’ ಎಂದು ಮೇಲೆ ದಪ್ಪಕ್ಷರ. ನಿಮ್ಮಿಂದಾಗಿ ಇಬ್ಬರು ಸದಸ್ಯರು ನಮ್ಮ ಕಡೆ ವಾಲಿದ್ದಾರೆ. ನೀವು ಮತ್ತು ನಿಮ್ಮ ಗೆಳತಿ ನಮ್ಮ ಹಾಗೆಯೇ ಇದ್ದಿರೇನೋ ಎಂದು ನಾನು ಅಂದುಕೊಂಡೆ. ತಪ್ಪಾಗಿದ್ದರೆ ಕ್ಷಮಿಸಿ.

ಈಗ ನಿಮ್ಮ ಸರದಿ.

ವೆಸ್ಲಿ

—

ಟಾಲ್ಬಟ್ ಕ್ರೀಕ್
ಸೆಪ್ಟೆಂಬರ್ 28, 2009
(ತುರ್ತು ಅಂಚೆ)

ವೆಸ್ಲಿ,

ತಪ್ಪಾಗಿದೆ.

ವರ್ನಾ ಸ್ಟ್ರಾಟನ್ ನನ್ನ ಗೆಳತಿ, ಅಷ್ಟೇ. ಅವಳು ಚುನಾವಣೆಗೆ ನಿಂತೇ ಇರಲಿಲ್ಲ. ರಾಜನಾಗಿ ಆಯ್ಕೆಯಾದವನು ಅವಳ ಅಣ್ಣ ಮರ್ಲ್. ಅವನು ಅದೇ ವರ್ಷ ಮಾರ್ಚ್‌ನಲ್ಲಿ ಓದು ಬಿಟ್ಟು ಸೈನ್ಯ ಸೇರಿ ಇಟಲಿಗೆ ಹೋಗಿದ್ದ. “ಊರಲ್ಲಿಲ್ದಿದ್ರೇನಂತೆ, ಮರ್ಲೇ ನಮ್ ರಾಜ” ಎಂದು ಹುಡುಗಿಯರೆಲ್ಲ ಸೇರಿ ಅವನಿಗೆ ಮತ ಹಾಕಿದೆವು. ಅವನ ಪರವಾಗಿ ಕಿರೀಟ ತೊಡಲು ತಂಗಿ ಬಂದಳು.

ಮರ್ಲ್‌ನ ನಡಿಗೆ ಒಂದು ಥರ ಇತ್ತು. ಒಂದು ಭುಜ ಇಳಿಬಿಟ್ಟುಕೊಂಡು, ಬೂಟಿನೊಳಗೆ ಕಲ್ಲು ಸೇರಿದವನ ಹಾಗೆ ನಡೆಯುತ್ತಿದ್ದ. ವರ್ನಾ ಆ ಕೆಂಪು ನಿಲುವಂಗಿ ಹೊದ್ದು ಅಣ್ಣನ ಹಾಗೆಯೇ ನಡೆದು ತೋರಿಸಿದಳು. ಮೈದಾನವೆಲ್ಲ ನಕ್ಕಿತು, ಅವಳಿಗೂ ನಗು ತಡೆಯಲಾಗಲಿಲ್ಲ. ನೀನು ನೋಡಿದ ನಗು ಅದು.

ಅಂದು ಶನಿವಾರ. ಮಂಗಳವಾರ ತಂತಿ ಬಂತು. ಮರ್ಲ್ ತೀರಿಹೋಗಿ ಆಗಲೇ ಎರಡು ವಾರ ದಾಟಿತ್ತು. ನಾವು ಸತ್ತವನಿಗೆ ಕಿರೀಟ ತೊಡಿಸಿ, ಚಪ್ಪಾಳೆ ತಟ್ಟಿ, ಅವನ ನಡಿಗೆ ನೋಡಿ ನಕ್ಕಿದ್ದೆವು. ಸಂಚಿಕೆ ಅಚ್ಚು ಹಾಕಿದವರು ಅವನ ಹೆಸರು ಬರೆಯಲೂ ಮನಸ್ಸು ಬಾರದೆ ‘ರಾಜ ಸ್ಟ್ರಾಟನ್’ ಎಂದಷ್ಟೇ ಹಾಕಿ ಕೈತೊಳೆದುಕೊಂಡರು.

“ಓಪಲ್, ಇದ್ರ ಮಾತು ಯಾವತ್ತೂ ಬೇಡ ಕಣೇ” ಎಂದಳು ವರ್ನಾ. ಅವಳು ಹೋಗಿ ಹನ್ನೊಂದು ವರ್ಷವಾಯಿತು. ಇಷ್ಟು ದಿನ ನಾನು ಮಾತು ಉಳಿಸಿಕೊಂಡಿದ್ದೆ. ನಾನೇನಾದರೂ ಮರ್ಲ್‌ನನ್ನು ಪ್ರೀತಿಸುತ್ತಿದ್ದೆನೇ ಎಂದು ಮತ್ತೊಂದು ಕಥೆ ಕಟ್ಟಬೇಡ. ಅವನಿಗೆ ನನ್ನ ಹೆಸರಾದರೂ ಗೊತ್ತಿತ್ತೋ ಇಲ್ಲವೋ.

ಇನ್ನು ನಿನ್ನ ಕಂಬಗಳ ವಿಷಯ. ಆ ಫೋಟೊ ನಿಮಗೆ ಎರಡು ಮತ ತಂದಿದೆ ಎಂದಿದ್ದೀಯ. ಅದು ಹಾಗಲ್ಲ ಎಂದು ಹೇಳಲು ಬದುಕಿರುವವಳು ನಾನೊಬ್ಬಳೇ, ಓರೆಗಾನ್‌ನಿಂದ ಕೂಗಿದರೆ ನಿಮ್ಮ ಸಭೆಗೆ ಕೇಳಿಸುವುದಿಲ್ಲ. ಸುಮ್ಮನಿರು ಎಂದರೆ ಸುಮ್ಮನಿರುತ್ತೇನೆ. ಆದರೆ ನೀನು ಮೊದಲ ಪತ್ರದಲ್ಲಿ ಕೇಳಿದ್ದು ಸತ್ಯಾಂಶ. ಅದು ಇಷ್ಟು: ಬ್ರೆನ್ನರ್‌ನಲ್ಲಿ ನಿಮ್ಮಂಥ ಜೋಡಿ ಯಾವತ್ತೂ ನಿಂತಿಲ್ಲ. ನಿಂತರೆ ನೀವೇ ಮೊದಲಿಗರು. ನಮ್ಮ ಬೆನ್ನ ಹಿಂದೆ ಅಡಗಿ ನಿಲ್ಲಬೇಡಿ ಮಗು, ನಾವು ಅದಕ್ಕೆ ಬಂದವರಲ್ಲ.

ಓಪಲ್

—

ಆಲ್ಡನ್‌ಬರಿ
ಅಕ್ಟೋಬರ್ 1, 2009

ಓಪಲ್ ಅವರೇ,

ನಿನ್ನೆ ಬೆಳಿಗ್ಗೆ ಹನ್ನೊಂದಕ್ಕೆ ನಿಮ್ಮ ಪತ್ರ ಬಂತು. ಸಭೆ ನಾಲ್ಕಕ್ಕೆ. ಓದಿದೆ. ಮೊದಲು ಬಂದ ಯೋಚನೆ, ಇದು ನಾಳೆ ಬಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಬ್ಯಾಂಡಿನ ಅಭ್ಯಾಸ ನಡೆಯುತ್ತಿದ್ದಲ್ಲಿಗೆ ಹೋಗಿ ಆಂಡ್ರೆಗೆ ತೋರಿಸಿದೆ. ನಿಂತಲ್ಲೇ ಎರಡು ಸಲ ಓದಿದ. “ಇದು ಇವತ್ತು ಬಂದಿಲ್ಲ ಅಂತ ಅಂದ್ಕೊಂಡ್ರೆ?” ಎಂದು ಕೇಳಿದೆ.

“ಬಂದಿದ್ಯಲ್ಲ ವೆಸ್. ಗೊತ್ತಿರೋದನ್ನ ಗೊತ್ತಿಲ್ದೋನ್ ಥರ ಕೂತ್ಕೊಂಡಿರ್ತೀಯಾ? ನೀನು ಆ ಕೆಲಸ ಮಾಡಿದ್ದು ಸಾಕು” ಎಂದ. ಅರ್ಜಿ ವಾಪಸ್ ಮಾಡಿದ ದಿನದಿಂದ ಅವನು ನುಂಗಿಕೊಂಡದ್ದೆಲ್ಲ ಆ ಒಂದು ಮಾತಿನಲ್ಲಿ ಹೊರಗೆ ಬಂತು.

ಸಭೆಯಲ್ಲಿ ಎದ್ದು ನಿಂತೆ. ಆ ಭಿತ್ತಿಪತ್ರ ನಿಜವಲ್ಲ ಎಂದೆ. ನಿಮ್ಮ ಪತ್ರದಿಂದ ಮರ್ಲ್‌ನ ಭಾಗವನ್ನು ಓದಿದೆ. ನಿಮ್ಮನ್ನು ಕೇಳದೆ ಓದಿದೆ, ಕೇಳಲು ಹೊತ್ತಿರಲಿಲ್ಲ. ಬ್ರಿಯಾನಾ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು.

“ಹಾಗಾದ್ರೆ ಹಿಂದೆ ಎಂದೂ ಆಗಿಲ್ಲ ಅಂತಾಯ್ತು. ಮತ್ತೆ ಇದನ್ನೆಲ್ಲ ಹುಡುಕ್ಕೊಂಡ್ ಹೋಗೋಕೆ ನಿಂಗೇನಪ್ಪ ಅಷ್ಟು ಆಸಕ್ತಿ?” ಎಂದು ಹಿಂದಿನಿಂದ ಯಾರೋ ಕೂಗಿದರು.

“ಆ ಅರ್ಜಿ ನಂದು. ನಂದು ಮತ್ತೆ ಆಂಡ್ರೆದು” ಎಂದೆ. ಕಾರ್ಯದರ್ಶಿ ಸ್ಥಾನಕ್ಕೆ ಅಲ್ಲೇ ರಾಜೀನಾಮೆ ಕೊಟ್ಟು ಬಾಗಿಲ ಬಳಿ ಹೋಗಿ ನಿಂತೆ.

ಆಮೇಲೆ ಎದ್ದವನು ಟ್ರಾವಿಸ್ ಹ್ಯಾಸ್ಕೆಲ್. ಮುಗಿಯಿತು ಅಂದುಕೊಂಡೆ.

“ನಂಗೆ ಇದೆಲ್ಲ ಪೂರ್ತಿ ಅರ್ಥ ಆಗಲ್ಲ. ಸುಳ್ಳು ಹೇಳಲ್ಲ” ಎಂದ. “ಆದ್ರೆ ಸತ್ತೋನಿಗೆ ಕಿರೀಟ ಇಟ್ಟ ಕಾಲೇಜು ಇದು. ಇರೋರ ಹೆಸರನ್ನ ಪಟ್ಟಿಗೆ ಸೇರ್ಸೋಕೆ ನಮಗೇನ್ ಕಷ್ಟ? ಬೇಡ ಅನ್ನೋರು ಆಮೇಲೆ ಚುನಾವಣೇಲಿ ಆ ಜೋಡಿಗೆ ಓಟ್ ಹಾಕ್ದೇ ಇದ್ರಾಯ್ತು. ನಾನೂ ಹಾಕಲ್ಲ. ನಮ್ಮಜ್ಜನಿಗೆ ನಾನು ಹೇಳ್ಕೋತೀನಿ.”

ಹದಿಮೂರು–ಹನ್ನೆರಡು. ನಿಯಮ ಬದಲಾಯಿತು. ಫೋಟೊ ನೋಡಿ ನಮ್ಮ ಕಡೆ ಬಂದಿದ್ದ ಇಬ್ಬರಲ್ಲಿ ಒಬ್ಬಳು ವಾಪಸ್ ಹೋದಳು, ಹ್ಯಾಸ್ಕೆಲ್ ಈ ಕಡೆಗೆ ಬಂದ.

ಭಿತ್ತಿಪತ್ರಗಳನ್ನು ನಾನೂ ಆಂಡ್ರೆಯೂ ಕಂಬಕಂಬಕ್ಕೂ ಹೋಗಿ ಕಿತ್ತೆವು. ರಾತ್ರಿ ಮನೆಗೆ ಫೋನ್ ಮಾಡಿ ಅಪ್ಪ-ಅಮ್ಮನಿಗೆ ಹೇಳಿದೆ. ಅಮ್ಮ ಅತ್ತರು. ಅಪ್ಪ, “ಚಳಿಗೆ ಕೋಟಿದ್ಯಾ?” ಎಂದು ಕೇಳಿ ಫೋನ್ ಇಟ್ಟರು.

ಉತ್ತರ ಬರೆಯಿರಿ.

ವೆಸ್ಲಿ

—

ಆಲ್ಡನ್‌ಬರಿ
ಅಕ್ಟೋಬರ್ 26, 2009

ಓಪಲ್ ಅವರೇ,

ಇಪ್ಪತ್ತೈದು ದಿನವಾಯಿತು, ನಿಮ್ಮಿಂದ ಒಂದಕ್ಷರ ಇಲ್ಲ. ವರ್ನಾ ಬೇಡವೆಂದ ಮಾತನ್ನು ತುಂಬಿದ ಸಭೆಯಲ್ಲಿ ಓದಿದ್ದಕ್ಕೆ ನಿಮಗೆ ನೋವಾಗಿದೆ. ನನಗೆ ಗೊತ್ತು. ಕ್ಷಮೆ ಕೇಳುತ್ತೇನೆ.

ಏನಾಯಿತೆಂದು ನಿಮಗೆ ಹೇಳಬೇಕಾದದ್ದು ನನ್ನ ಕರ್ತವ್ಯ. ನಾವು ಸೋತೆವು. ಆರು ಜೋಡಿಗಳಲ್ಲಿ ನಾಲ್ಕನೆಯವರು. ಗೆದ್ದವರು ಈಜು ತಂಡದ ಹುಡುಗ ಮತ್ತು ನರ್ಸಿಂಗ್ ಓದುವ ಹುಡುಗಿ. ಒಳ್ಳೆಯವರು, ಅದೇ ಇನ್ನೂ ಬೇಜಾರು. ಪಂದ್ಯದ ವಿರಾಮದಲ್ಲಿ ಅವರಿಗೆ ಕಿರೀಟ ತೊಡಿಸಿದಾಗ ಆಂಡ್ರೆ ಮೈದಾನದಲ್ಲಿ ಟ್ರೊಂಬೋನ್ ನುಡಿಸುತ್ತಿದ್ದ. ನಾನು ಮೆಟ್ಟಿಲ ಮೇಲೆ ಕೂತು ಸಾಸೇಜ್ ತಿನ್ನುತ್ತಿದ್ದೆ. ನಮ್ಮ ಬಗ್ಗೆ ಯಾರೂ ಕೂಗಲಿಲ್ಲ, ಏನೂ ಎಸೆಯಲಿಲ್ಲ. ಕಿತ್ತಳೆ ಟೊಪ್ಪಿಯ ಒಬ್ಬ ಮುದುಕ ಬಂದು, “ನಾಲ್ಕನೇ ಜೋಡಿ ನೀನೇ ತಾನೆ? ನಿಮ್ ಪೋಸ್ಟರಲ್ಲಿದ್ದ ಕೈಬರಹ ನಾಯಿಗೂ ಅರ್ಥ ಆಗ್ತಿರ್ಲಿಲ್ಲ ಕಣಯ್ಯ. ಓಟ್ ಎಲ್ಲಿಂದ ಬರುತ್ತೆ?” ಎಂದು ಬೈದು ಹೋದರು. ಅವರು ಹ್ಯಾಸ್ಕೆಲ್‌ನ ಅಜ್ಜ ಎಂದು ಆಮೇಲೆ ತಿಳಿಯಿತು. ಪಂದ್ಯ ಮುಗಿದ ಮೇಲೆ ನಾನೂ ಆಂಡ್ರೆಯೂ ಹಾಸ್ಟೆಲಿಗೆ ನಡೆದುಕೊಂಡು ಬಂದೆವು.

ಇಷ್ಟೆಲ್ಲ ರಂಪ ಮಾಡಿ ನಾಲ್ಕನೆಯ ಸ್ಥಾನ. ಆಂಡ್ರೆ ನಗುತ್ತಾನೆ. ನನಗೆ ನಗು ಬರುತ್ತಿಲ್ಲ.

ವೆಸ್ಲಿ

—

ಟಾಲ್ಬಟ್ ಕ್ರೀಕ್
ಅಕ್ಟೋಬರ್ 31, 2009

ವೆಸ್ಲಿ, ಮತ್ತು ಆಂಡ್ರೆ,

ನನಗೆ ಸಿಟ್ಟಿರಲಿಲ್ಲ. ಬರೆಯಲು ಕೂರುತ್ತಿದ್ದೆ, ಅಳು ಬರುತ್ತಿತ್ತು, ಎದ್ದು ಹೋಗುತ್ತಿದ್ದೆ. ಹೀಗೇ ಮೂರು ವಾರ ಕಳೆಯಿತು. ಅರವತ್ತಾರು ವರ್ಷದಲ್ಲಿ ಆ ಕಾಲೇಜಿನಲ್ಲಿ ಮರ್ಲ್ ಸ್ಟ್ರಾಟನ್ ಎಂಬ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನೀನು ಹೇಳಿದೆ. ವರ್ನಾ ಇದ್ದಿದ್ದರೆ ನಿನ್ನ ಕಿವಿ ಹಿಂಡುತ್ತಿದ್ದಳು, ಆಮೇಲೆ ತಬ್ಬಿಕೊಳ್ಳುತ್ತಿದ್ದಳು. ನನಗೆ ಅವಳು ಗೊತ್ತು.

ನಿನ್ನ ಅಪ್ಪ ಕೋಟಿನ ಬಗ್ಗೆ ಕೇಳಿದ್ದು ಒಳ್ಳೆಯ ಲಕ್ಷಣ. ಕೋಟು ಹಾಕಿಕೊಂಡು ಮನೆಗೆ ಹೋಗಿ ಬಾ.

ನಾಲ್ಕನೆಯ ಸ್ಥಾನ ಎಂದು ಮುಖ ಊದಿಸಿಕೊಂಡು ಕೂತಿದ್ದೀಯ. ಮತಪತ್ರದಲ್ಲಿ ಹೆಸರು ಅಚ್ಚಾಗಬೇಕು, ಅಷ್ಟೇ ಸಾಕು ಎಂದು ನನಗೆ ಬರೆದವನು ನೀನೇ. ಅಚ್ಚಾಯಿತಲ್ಲ. ಜನ ಓದಿದರು, ಬೇರೆಯವರಿಗೆ ಮತ ಹಾಕಿದರು, ಮುದುಕನೊಬ್ಬ ಕೈಬರಹಕ್ಕೆ ಬೈದ. ಸೋತ ಉಳಿದ ನಾಲ್ಕು ಜೋಡಿಗಳಿಗೂ ಆದದ್ದು ಅದೇ ತಾನೆ?

ರಾಜನಾದ ಒಬ್ಬ ಹುಡುಗನ ಪಕ್ಕದಲ್ಲಿ ನಡೆದವಳು ನಾನು. ಅವನು ಅಲ್ಲಿರಲಿಲ್ಲ, ಆದರೂ ಗೆದ್ದ. ನೀವಿಬ್ಬರೂ ಅಲ್ಲಿದ್ದಿರಿ, ಸೋತಿರಿ, ಪಂದ್ಯ ಮುಗಿದ ಮೇಲೆ ಒಟ್ಟಿಗೆ ಹಾಸ್ಟೆಲಿಗೆ ನಡೆದುಕೊಂಡು ಹೋದಿರಿ. ವರ್ನಾ ಬದುಕಿನ ಉದ್ದಕ್ಕೂ ತನ್ನಣ್ಣನಿಗಾಗಿ ಬೇಡಿಕೊಂಡದ್ದು ಆ ಸೋಲನ್ನೇ ಕಣಪ್ಪ.

ನಿಮ್ಮ
ಓಪಲ್